ಹಿತ್ತಿಲ ಕೀಲಿ

ಕೀಲಿಕೈ ಎರಡು. ದೊಡ್ಡದು ಮುಂಬಾಗಿಲಿಗೆ,
ತುಕ್ಕು ಹಿಡಿದದ್ದು ಹಿತ್ತಿಲಿಗೆ;
ಎತ್ತಿ ತಿರುಗಿಸಬೇಕು, ಬಲವಂತ ಮಾಡಿದರೆ ಮುನಿಯುತ್ತದೆ.
ಬಾ ಡೊರಿನಾ, ತಲೆ ಬಗ್ಗಿಸು,
ಈ ಬಾಗಿಲು ಮಾಡಿದವನು ನನ್ನಪ್ಪ, ಕುಳ್ಳ.

ಇಷ್ಟೇ ಜಾಗ.
ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಬೆಟ್ಟ.
ಬೆಟ್ಟ ಅಂದೆ, ಬೆಟ್ಟವಲ್ಲ ಅದು:
ಗಣಿಯವರು ತಲೆಮಾರುಗಟ್ಟಲೆ ಬೇಡವೆಂದು ಸುರಿದ
ಸ್ಲೇಟು ಕಲ್ಲಿನ ಚೂರು.
ನವೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ
ಸೂರ್ಯ ಅದರ ಹಿಂದಿನಿಂದಲೇ ಹಾದುಹೋಗುತ್ತಾನೆ,
ಸಾಲ ಕೊಟ್ಟವನ ಮನೆ ಬಂದಾಗ
ಓಣಿ ಬದಲಿಸುವವನ ಹಾಗೆ.

ಇಲ್ಲಿ ಗುಲಾಬಿ ಬರುವುದಿಲ್ಲ. ಅಮ್ಮ ಏಳು ಸಲ ನೆಟ್ಟಳು.
ಬಂದದ್ದು ಇದೊಂದು.
ಜರಿಗಿಡ. ನಮ್ಮ ವೆಲ್ಶ್ ಮಾತಿನಲ್ಲಿ ರೆಡಿನ್.
ತೊರೆಯ ಪಕ್ಕದ ಓಕ್ ಕಾಡಿನಿಂದ
ಅಪ್ಪ ಊಟದ ಡಬ್ಬಿಯಲ್ಲಿ ತಂದ,
ಮುಚ್ಚಳ ಕೂರದೆ ಗರಿಗಳು ಹೊರಚಾಚಿದ್ದವು.
ಆ ದಿನ ಅವನ ಗುಂಪಿನವನೊಬ್ಬ ಗಣಿಯೊಳಗೇ ಉಳಿದಿದ್ದ.
ಯಾರೆಂದು ಹೇಳಲಿಲ್ಲ ಅಪ್ಪ. ಸನಿಕೆ ಎಲ್ಲಿ ಅಂದ.

ಕೇಳು, ಮರೆಯುವ ಮುಂಚೆ ಹೇಳಿಬಿಡುತ್ತೇನೆ.
ನೆತ್ತಿಗೆ ನೀರು ಹೊಯ್ಯಬೇಡ, ಕೊಳೆಯುತ್ತದೆ.
ಸುತ್ತ ಹೊಯ್ಯಿ, ಅದೂ ಜೂನಿನಲ್ಲಿ ವಾರಗಟ್ಟಲೆ ಒಣಗಿದರೆ ಮಾತ್ರ;
ಈ ಊರಲ್ಲಿ ಅಂಥದ್ದು ಹನ್ನೆರಡು ವರ್ಷಕ್ಕೊಮ್ಮೆ.
ನೆತ್ತಿಯನ್ನು ಮಣ್ಣಲ್ಲಿ ಹೂಳಲೂ ಬೇಡ.
ಕೊಟ್ಟಿಗೆ ಗೊಬ್ಬರ ಅದಕ್ಕೆ ಜೀರ್ಣವಾಗುವುದಿಲ್ಲ.
ಬೇಕಾದ್ದು ಕೊಳೆತ ಎಲೆ: ಚರ್ಚಿನ ಹಿಂದಿನ ಬೀಚ್ ಮರದ ಕೆಳಗೆ
ಚೀಲ ಹಿಡಿದು ಹೋಗು,
ಪಾದ್ರಿ ನೋಡಿದರೂ ನೋಡದ ಹಾಗಿರುತ್ತಾನೆ.
ಹೋದ ವರ್ಷದ ಎಲೆಯಲ್ಲ, ಅದರ ಹಿಂದಿನದು,
ಹಿಂಡಿದರೆ ಕಾಫಿಯ ಗಸಿಯಂತೆ ಉದುರಬೇಕು.

ಅಮ್ಮ ತೀರಿದ ವರ್ಷ ನಾನೊಂದು ತಪ್ಪು ಮಾಡಿದೆ.
ಈ ಕತ್ತಲಲ್ಲಿ ಪಾಪ ಎಷ್ಟು ದಿನ ಅಂತ
ಬೇರುಸಮೇತ ಒಂದು ಪಾಲು ಸೀಳಿ
ಕುಂಡದಲ್ಲಿಟ್ಟು ಮುಂಬಾಗಿಲಿಗೆ ತಂದೆ.
ದಕ್ಷಿಣದ ಬಿಸಿಲು, ಹೋಗಿಬರುವವರ ಮಾತು, ಬಸ್ಸಿನ ಸದ್ದು.
ಹತ್ತು ದಿನಕ್ಕೆ ಅಂಚು ಕಂದಿತು. ಇನ್ನಷ್ಟು ನೀರು ಹೊಯ್ದೆ.
ತಿಂಗಳಿಗೆ,
ಹೋಗಲಿ ಬಿಡು.
ಮೀನಂಗಡಿಯಿಂದ ಬಂದ ಎಣ್ಣೆಗೈಯಲ್ಲಿ
ಅದರ ಒಣ ಬುಡ ಹಿಡಿದು ಇದೇ ಮೆಟ್ಟಿಲ ಮೇಲೆ ಕೂತಿದ್ದೆ.
ತಾಯಿಗಿಡ ಮೂಲೆಯಲ್ಲಿ ತನ್ನ ಪಾಡಿಗೆ ಹಸಿರಾಗಿತ್ತು.
ಕರುಣೆ ಅದಕ್ಕೆ ಬೇಕಿರಲಿಲ್ಲ,
ಯಾರಿಗೆ ಬೇಕಿತ್ತೋ.

ಮಾರ್ಚಿಯಲ್ಲಿ ಹಳೆಯ ಗರಿಗಳನ್ನೆಲ್ಲ ಬುಡಕ್ಕೆ ಕತ್ತರಿಸಬೇಕು.
ಇನ್ನೂ ಹಸಿರಿರುತ್ತವೆ, ಕೈ ಬರುವುದಿಲ್ಲ, ಗೊತ್ತು.
ಕತ್ತರಿಸು. ತಡಮಾಡಿದರೆ ಹೊಸ ಸುರುಳಿಗೂ ಕತ್ತರಿ ತಾಗುತ್ತದೆ.
ತಾಮ್ರಬಣ್ಣದ ಹೊಟ್ಟು ಹೊದ್ದು ಅದು ಮೇಲೇಳುವುದನ್ನು
ನಿನ್ನ ಮಗನಿಗೆ ತೋರಿಸು:
ಮಲಗಿದ್ದ ಬೆಕ್ಕು ಬಾಲ ಬಿಚ್ಚಿದ ಹಾಗೆ,
ಯಾರ ಅವಸರವೂ ಅದಕ್ಕಿಲ್ಲ.

ಇನ್ನೊಂದು. ಈಗ ಅಕ್ಟೋಬರ್, ಬಗ್ಗಿ ನೋಡು,
ಗರಿಯ ನಡುದಂಟಿನುದ್ದಕ್ಕೂ ಕಂದು ಗಂಟು, ಹೆಸರುಕಾಳಿನಷ್ಟು.
ರೋಗವಲ್ಲ, ಮರಿಗಳು.
ಗರಿಯನ್ನು ನೆಲಕ್ಕೆ ಒರಗಿಸಿ ಪಿನ್ನು ಚುಚ್ಚಿ ಹಿಡಿದಿಟ್ಟರೆ
ಚಳಿ ಕಳೆಯುವಷ್ಟರಲ್ಲಿ ಗಂಟು ಗಂಟಿಗೂ ಬೇರು.
ಮಣ್ಣು ಕೆದಕುವಾಗ ತುಕ್ಕು ಹಿಡಿದ ತಲೆಪಿನ್ನು ಸಿಕ್ಕರೆ
ಎಸೆಯಬೇಡ, ಅಮ್ಮನವು.
ಇದ್ದಬದ್ದ ಪಿನ್ನೆಲ್ಲ ಇಲ್ಲಿ ಚುಚ್ಚಿ
ಒಂದು ಭಾನುವಾರ ಚರ್ಚಿಗೆ
ಕೂದಲು ಬಿಚ್ಚಿಕೊಂಡೇ ಹೋದಳು. ಊರೆಲ್ಲ ಆಡಿಕೊಂಡಿತು.

ಆಸ್ಪತ್ರೆಯಲ್ಲಿ ರಾತ್ರಿಪಾಳಿ ಅಂದೆಯಲ್ಲ,
ಹಗಲು ನಿದ್ದೆಗೆ ಈ ಹಿಂದಿನ ಕೋಣೆ ಒಳ್ಳೆಯದು,
ಪರದೆಯೂ ಬೇಡ.
ಸದ್ದೆಂದರೆ ಗೋಡೆಯಲ್ಲಿ ಜಿನುಗುವ ನೀರು,
ಒಂದೊಂದೇ ಹನಿ, ಗರಿಯಿಂದ ಗರಿಗೆ.
ಬಾಡಿಗೆ ಒಂದನೇ ತಾರೀಖು, ಎರಡಾದರೂ ಸರಿ.

ಒಂದು ಗರಿ ಮಾತ್ರ ನಾನು ಒಯ್ಯುತ್ತೇನೆ,
ಆರು ಗಂಟಿದೆ ಇದರಲ್ಲಿ.
ನನ್ನದು ಗಿಡ್ಡ ಕೂದಲು, ನೋಡು.
ನಿನ್ನ ತಲೆಯಲ್ಲಿ ಪಿನ್ನು ಇದೆಯಾ?